ಆಕಿ ಇನ್ನಾ ಮ್ಯಾಲೇ ಅದಾಳ

ಪುಸ್ತಕ ಬಂದ ಮ್ಯಾಲೆ ಓದಿದೋರು ಚೊಲೋ ಐತಿ ಅಂತಾರ, ಇಲ್ಲಾ ಸುಮ್ನಿರತಾರ, ಇಷ್ಟಾ ಅನ್ಕೊಂಡಿದ್ದೆ. ಮೋಟರ್ ಎಷ್ಟು ಎಚ್‌ಪಿದು ಅಂತ ಕೇಳ್ತಾರ ಅಂತ ನನಗ ಯಾರೂ ಹೇಳಿರಲಿಲ್ಲ.

ಕೇಳಿದಾತ ಹಗರಿಬೊಮ್ಮನಹಳ್ಳಿಯ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್. ನನ್ನ ಪುಸ್ತಕದಾಗ ಒಂದು ಕಥಿ ಐತಿ. ಅದರಾಗ ಒಂದು ಬೋರು ನೀರಿನ ಬದಲಿ ಸತ್ತೋರ ಮಾತು ಎತ್ತಿ ಹಾಕತೈತಿ, ಮೆಕ್ಕಿಜೋಳದ ಸಾಲಿನ್ಯಾಗ ಹಳೇ ಬೈಗುಳ, ಹಳೇ ಜೋಗುಳ ಎಲ್ಲಾ ಹರಿದು ಹೋಗತಾವ. ಈ ಪುಣ್ಯಾತ್ಮ ಅದನ್ನ ಓದಿ ಸೀದಾ ನನ್ನ ಜೆರಾಕ್ಸ್ ಅಂಗಡಿಗೇ ಬಂದ. ಹಾಳಿ ಹಾಳಿಗೂ ಗ್ರೀಸಿನ ಹೆಬ್ಬೆರಳ ಗುರ್ತು. "ಅಕ್ಕಾ, ಬೋರ್ ಎಷ್ಟಡಿ ಅಂತ ಬರದಿಲ್ಲ ನೀವು. ಎಚ್‌ಪಿನೂ ಹಾಕಿಲ್ಲ. ಆ ಆಳಕ್ಕ ಐದು ಎಚ್‌ಪಿ ಎತ್ತಂಗಿಲ್ಲ ನೋಡ್ರಿ" ಅಂದ. ನನಗ ಮೈ ಉರೀತು. "ಅದು ಮಾತಪಾ, ನೀರಲ್ಲ!" ಅಂದೆ. ಆತ ತಲಿ ಕೆರಕೊಂಡು ಒಂದೀಟು ವಿಚಾರ ಮಾಡಿದ. "ಹೌದಲ್ಲ, ಮಾತು ಹಗುರ ಇರತಾವ. ಹಂಗಾರ ಎತ್ತತೈತಿ ಬಿಡ್ರಿ" ಅಂತ ತನಗ ತಾನಾ ಸಮಾಧಾನ ಮಾಡ್ಕೊಂಡು, ತಮ್ಮಗ ಅಂತ ಇನ್ನೊಂದು ಪುಸ್ತಕ ತಗೊಂಡು ಹೋದ.

ಹೊಳಲಿನಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿದ್ರು. ಅವರದು ಬ್ಯಾರೆ ತಕರಾರು. ಇನ್ನೊಂದು ಕಥ್ಯಾಗ ಅವರೂರ ಗುಡಿಯಾಗಿನ ಕಲ್ಲಿನ ಅನಂತಶಯನ ನಿದ್ದಿಗಣ್ಣಾಗ ಒಮ್ಮೆ ಮಗ್ಗಲು ಬದಲಿಸ್ತಾನ, ಆವತ್ತಿನಿಂದ ಊರೋರಿಗೆಲ್ಲಾ ಒಂದಾ ಕನಸು ಬೀಳಾಕ ಸುರು ಆಗತೈತಿ. "ನಾನು ಖುದ್ದು ಹೋಗಿ ನೋಡಿ ಬಂದೆ ತಂಗಿ. ಹೊಳ್ಳಿಲ್ಲ. ಹೆಂಗಿದ್ದ ಹಂಗಾ ಮಲಗ್ಯಾನ" ಅಂದ್ರು. ಹುಡುಗರ ಲೆಕ್ಕದಾಗ ತಪ್ಪು ಸಿಕ್ಕಷ್ಟು ಖುಷಿ ಇತ್ತು ಆ ದನ್ಯಾಗ. ಆಮ್ಯಾಲೆ ದನಿ ಸಣ್ಣ ಮಾಡಿ, "ಊರಾಗಾ ಇದ್ದು ಗುಡಿ ಒಳಗ ಹೋಗಿ ಬಾಳ ವರ್ಷ ಆಗಿತ್ತು. ನಾಳೆ ಮತ್ತ ಹೋಗ್ತೀನಿ. ಏನರ ಫರಕ್ ಕಂಡ್ರ ಫೋನ್ ಮಾಡ್ತೀನಿ" ಅಂದ್ರು. ಈಗಲೂ ಆಗಾಗ ಮಾಡ್ತಾರ. ಇನ್ನಾ ಹೊಳ್ಳಿಲ್ಲಂತ.

ದೊಡ್ಡ ಊರಿನ ಪತ್ರಿಕ್ಯಾಗ ಒಬ್ಬರು ನನ್ನ ಕಥಿಗಳಿಗೆ 'ಮಾಂತ್ರಿಕ ವಾಸ್ತವ' ಅಂತ ಹೆಸರಿಟ್ಟು ಬರದ್ರು. ಇರಲಿ, ಅವರಿಗೆ ಪುಣ್ಯ ಬರಲಿ. ನಮ್ಮ ಕಡಿ ಓದೋರಿಗೆ ಮಾತ್ರ ಅದು ಪಕ್ಕದ ಓಣಿ ಸುದ್ದಿ. ಸುದ್ದಿ ಅಂದ ಮ್ಯಾಲೆ ತಪ್ಪಿದ್ರ ತಿದ್ದಬೇಕು, ಅರ್ಧ ಇದ್ರ ಮುಂದೇನಾತು ಅಂತ ಕೇಳಬೇಕು, ಕೇಳೇ ಕೇಳ್ತಾರ. ಮೊದಮೊದಲು ನಾನು ಒಬ್ಬೊಬ್ಬರ ಜೋಡಿ ಜಗಳಕ್ಕ ನಿಂತೆ. "ಅದು ಕಥಿರೀ, ಕಥಿ!" ಅಂತ ಒದರಿ ಒದರಿ ಗಂಟ್ಲು ಹರಕೊಂಡೆ. ಯಾರೂ ನನ್ನ ಮಾತಿಗೆ ಕಿಮ್ಮತ್ ಕೊಡಲಿಲ್ಲ.

ನಾವು ಕೊಟ್ಟೂರಿನ ಸಾಬರು. ಅಬ್ಬಾ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ರು. ಅವರು ತೀರಿಕೊಂಡ ಮ್ಯಾಲೆ ಅದಾ ಅಂಗಡ್ಯಾಗ ನಾನು ಜೆರಾಕ್ಸ್, ಡಿಟಿಪಿ ಹಾಕೀನಿ. ಅಂಗಡಿ ಹಿಂದ ಸಣ್ಣ ಅಂಗಳ, ಅದರಾಚಿ ಅಮ್ಮಿ ಇರೋ ಮನಿ, ಮಾಳಿಗಿ ಮ್ಯಾಲೆ ಒಂದು ಖೋಲಿ. ನನ್ನ ಗಂಡನ ಮನಿನೂ ಅದಾ ಓಣ್ಯಾಗ. ಮನ್ಯಾಗ ಮಾತಾಡೋದು ಉರ್ದು, ಕಥಿ ಬರಿಯೋದು ಕನ್ನಡ, ಸಿಟ್ಟು ಬಂದಾಗ ಎರಡೂ. ಆ ಮ್ಯಾಲಿನ ಖೋಲ್ಯಾಗ ನನ್ನ ಅಕ್ಕ ಇರತಾಳ. ಆಪಾ ಅಂತ ಕರೀತೀನಿ.

ಆಪಾನ್ನ ಹರಪನಹಳ್ಳಿಗೆ ಕೊಟ್ಟಿದ್ವಿ. ಮಕ್ಕಳಾಗಲಿಲ್ಲ ಅಂತ ಅಲ್ಲಿ ಮಾತು ಬೆಳೀತು, ಗಂಡ ಇನ್ನೊಂದು ಮದುವಿ ಆದ, ಆಕಿ ಒಂದು ಟ್ರಂಕು ಹಿಡಕೊಂಡು ಒಬ್ಬಾಕಿನಾ ಬಸ್ಸಿಳಿದು ಬಂದ್ಲು. ಬಂದ ಮ್ಯಾಲೆ ಓಣ್ಯಾಗ ಎದ್ರಿಗೆ ಸಿಕ್ಕೋರು ಕೇಳೋದು ಒಂದಾ. "ಯಾವಾಗ ಬಂದ್ಯವ್ವ? ಯಾವಾಗ ಹೋಗ್ತಿ?" ತವರಿಗೆ ಬಂದ ಹೆಣ್ಣುಮಕ್ಕಳನ್ನ ನಮ್ಮ ಕಡಿ ಎಲ್ಲಾರೂ ಹಿಂಗಾ ಮಾತಾಡಸೋದು, ಯಾರ ಮನಸಿನ್ಯಾಗೂ ಕೆಟ್ಟದ್ದಿರಂಗಿಲ್ಲ. ಆಪಾ ಮೊದಲು "ಹಬ್ಬ ಮುಗಿಸ್ಕೊಂಡು ಹೋಗ್ತೀನಿ" ಅಂದ್ಲು. ಹಬ್ಬ ಮುಗೀತು. "ಅಮ್ಮಿಗೆ ಆರಾಮಿಲ್ಲ, ನೋಡ್ಕೊಂಡು ಹೋಗ್ತೀನಿ" ಅಂದ್ಲು. ಅಮ್ಮಿ ನಳದ ಮುಂದ ಸೆರಗು ಕಟ್ಟಿ ಜಗಳಾಡೋದು ಓಣಿಗೆಲ್ಲಾ ಕಾಣತಿತ್ತು. ಹೇಳಾಕ ಕಾರಣ ಖಾಲಿ ಆದ ದಿನ ಆಕಿ ಮ್ಯಾಲಿನ ಖೋಲಿಗೆ ಹೋದ್ಲು. ಹೋದಾಕಿ ಇಳೀಲೇ ಇಲ್ಲ.

ವರ್ಷದ ಮ್ಯಾಲೆ ವರ್ಷ ಆದ್ವು. ನಳ, ಬಚ್ಚಲ ಎಲ್ಲಾ ಮಾಳಿಗಿ ಮ್ಯಾಲೇ ಅದಾವ. ಆಪಾ ಮದುವಿ ಸೀರಿಗೆ ಕುಚ್ಚು ಕಟ್ತಾಳ. ಕೂಡ್ಲಿಗಿ, ಹಡಗಲಿ ಕಡಿಯಿಂದೆಲ್ಲಾ ಸೀರಿ ಬರತಾವ. ನಾನು ಮ್ಯಾಲೆ ಒಯ್ದು ಕೊಡ್ತೀನಿ, ಕಟ್ಟಿದ ಮ್ಯಾಲೆ ಕೆಳಗ ತರ್ತೀನಿ. ಆಕಿ ನಗ್ತಾಳ, ರೇಡಿಯೋ ಕೇಳ್ತಾಳ, ನನ್ನ ಬೈತಾಳ, ಎಲ್ಲಾ ಐತಿ. ಮೆಟ್ಲ ಮಾತ್ರ ಇಳಿಯಂಗಿಲ್ಲ. ಇಳಿ ಅಂತ ನಾವೂ ಅನ್ನಂಗಿಲ್ಲ, ಅದು ಅಮ್ಮಿಯ ಹುಕುಂ. "ನಾವು ಇಳಿ ಅಂದ್ರ ಆಕಿಗೆ ಹೋಗು ಅಂದಂಗ ಕೇಳಸ್ತೈತಿ. ಖಬರ್ದಾರ್, ಯಾರಾರ ಬಾಯಿ ಬಿಟ್ಟೀರಿ" ಅಂತ ಮೊದಲ ವರ್ಷಾನ ಹೇಳಿಬಿಟ್ಟಿದ್ಲು. ಅಮ್ಮಿ ಐದು ಹೊತ್ತಿನ ನಮಾಜಿನ್ಯಾಗೂ ದೇವ್ರ ಹತ್ರ ಬೇಡೋದು ಒಂದಾ, ಆಪಾ ತಾನಾಗೇ ಇಳಿದು ಬರಲಿ ಅಂತ. ನಮಾಜಿಗೆ ಅಷ್ಟೇನು ನಿಲ್ಲದ ನಾನೂ ಬೇಡೋದು ಅದನ್ನಾ.

ನನ್ನ ಕೈಲೆ ಆಗೋದು ಬರಿಯೋದು, ಅದಕ್ಕ ಬರದೆ. ಕಥ್ಯಾಗ ಒಬ್ಬ ಹುಡುಗಿ. ಆಕಿ ಗಂಡನ ಮನಿ ಬಿಟ್ಟು ತವರಿಗೆ ಬಂದಾಳ. "ಯಾವಾಗ ಹೋಗ್ತಿ" ಅಂತ ಯಾರರ ಕೇಳಿದ ಸಲ ಸಲಾನೂ ಆಕಿ ಒಂದೀಟು ಹಗುರ ಆಗತಾಳ. ಕೇಳಿ ಕೇಳಿ ಹತ್ತಿ ಅರಳಿಯಷ್ಟು ಹಗುರಾಗಿ, ಒಂದಿನ ಮಾಳಿಗಿ ಮ್ಯಾಲೆ ಸೀರಿ ಒಣಗಾಕ ಹಾಕೋ ಮುಂದ ಸೀರಿ ಜೋಡಿ ತಾನೂ ಗಾಳಿಗೆ ಏಳತಾಳ. ಮ್ಯಾಲೇ ನಿಲ್ಲತಾಳ. ಊರಿಗೂರೇ ನಿಂತು ನೋಡತೈತಿ. ಅವರವ್ವ ಗಾಳಿಪಟದ ದಾರಕ್ಕ ರೊಟ್ಟಿ ಕಟ್ಟಿ ಮ್ಯಾಲಕ್ಕ ಕಳಸ್ತಾಳ. ಬಿಡತಾ ಬಿಡತಾ ದಾರದ ಉಂಡಿ ಖಾಲಿ ಆಗತೈತಿ, ಹುಡುಗಿ ಅಲ್ಲೇ ಸಣ್ಣಗ ಕಾಣತಿರತಾಳ. ಕಥಿ ಮುಗೀತು. ಅದರ ಮುಂದ ನನಗ ಗೊತ್ತಿದ್ರ ತಾನಾ ಬರಿಯಾಕ!

ಮೊದಲ ಪ್ರತಿ ಆಪಾಗ ಕೊಟ್ಟಿದ್ದೆ. ಎರಡು ದಿನ ಬಿಟ್ಟು ಸೀರಿ ಕೊಡಾಕ ಹೋದಾಗ, ಸೂಜಿಗೆ ದಾರ ಪೋಣಿಸ್ತಾ, ನನ್ನ ಮುಖ ನೋಡದಂಗ, "ಗಾಳಿಪಟದ ದಾರ ರೊಟ್ಟಿ ಭಾರ ತಡಿಯಂಗಿಲ್ಲ. ರೇಷ್ಮಿ ದಾರ ಅಂತ ಬರೀಬೇಕಿತ್ತು" ಅಂದ್ಲು. ನಾನು "ಹೂಂ ಆಪಾ" ಅಂದು ಕೆಳಗ ಬಂದು, ಜೆರಾಕ್ಸ್ ಮಿಷಿನ್ ಚಾಲೂ ಮಾಡಿ ಅದರ ಸಪ್ಪಳದಾಗ ಅತ್ತೆ.

ಹೊಸಹಳ್ಳಿಯಿಂದ ಫೋನ್ ಬಂದಾಗ ಶ್ರಾವಣ ಆಗತಾನ ಹತ್ತಿತ್ತು. ಕೂಡ್ಲಿಗಿ ತಾಲೂಕಿನ ಆ ಊರಾಗ ಶ್ರಾವಣದ ತಿಂಗಳು ಗುಡ್ಯಾಗ ಪುರಾಣ ಓದಸ್ತಾರ. ಒಬ್ಬರು ಓದೋರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳೋರು. ದಿನಾ ಸಂಜಿಮುಂದ ದೀಪ ಹಚ್ಚಿ ಸುರು ಮಾಡಿ, ಮಂಗಳಾರತಿ ಹಾಡಿ ಪುಸ್ತಕ ಮುಚ್ಚತಾರ. ಅದಕ್ಕೊಂದು ಕಟ್ಟಳಿ ಐತಿ. ಯಾರರ ಕಷ್ಟದಾಗ ಸಿಕ್ಕೊಂಡಿರೋ ಜಾಗಕ್ಕ ಪುಸ್ತಕ ಮುಚ್ಚಂಗಿಲ್ಲ. ಅಡವಿಗೆ ಹೋದಾಕಿ ಮನಿ ಸೇರಬೇಕು, ಸೆರಿಮನ್ಯಾಗ ಇದ್ದಾವ ಹೊರಗ ಬರಬೇಕು, ಆಮ್ಯಾಲೇ ಮಂಗಳಾರತಿ. ಎಷ್ಟೊತ್ತಾಗಲಿ, ಅಲ್ಲಿ ತನಕ ಓದಬೇಕು, ಕೇಳೋರೂ ಕುಂದ್ರಬೇಕು. ಅರ್ಧಕ್ಕ ಮುಚ್ಚಿ ಎದ್ರ ಆ ಕಷ್ಟ ಕೇಳಿದೋರ ಬೆನ್ನು ಹತ್ತತೈತಿ ಅಂತಾರ.

ಆ ವರ್ಷ ಏನಾತಂದ್ರ, ಅರ್ಥ ಹೇಳೋರಿಗೆ ಜ್ವರ ಬಂದು ಮಲಗಿದ್ರು. ಓದೋ ಅಜ್ಜಾರಿಗೆ ಬಿ.ಎಡ್. ಓದೋ ಮೊಮ್ಮಗಳು ಒಬ್ಬಾಕಿ. ಆಕಿ ನನ್ನ ಅಂಗಡಿಗೆ ಪ್ರಾಜೆಕ್ಟ್ ಬೈಂಡಿಂಗಿಗೆ ಬಂದಾಗ ಪುಸ್ತಕ ಕೊಂಡಿದ್ಲು. ಅಜ್ಜಾರು, ದೀಪ ಹಚ್ಚಿದ ಮ್ಯಾಲೆ ಖಾಲಿ ಕುಂದ್ರಬಾರದು, ಅವರಿಗೆ ಆರಾಮಾಗೋ ತನಕ ಇದನ್ನಾ ಓದೋಣು ಅಂದ್ರಂತ. ಮೊದಲ್ನೇ ಸಂಜಿ ಬೋರಿನ ಕಥಿ ಓದ್ಯಾರ, ಮಂದಿ ಬಿದ್ದು ಬಿದ್ದು ನಕ್ಕಾರ, ಮಂಗಳಾರತಿ ಹಾಡ್ಯಾರ. ಎರಡ್ನೇ ಸಂಜಿ ಹಾರೋ ಹುಡುಗಿ ಕಥಿ ತಗದಾರ. ಅಲ್ಲಿಗೆ ಬಂಡಿ ಹುಗೀತು.

"ಅವ್ವಾರ, ನಮಸ್ಕಾರ್ರಿ. ನಾ ಹೊಸಹಳ್ಳಿಯಾಗ ಪುರಾಣ ಓದಾವ. ನಿಮ್ಮ ಪುಸ್ತಕದಾಗ ಮುಂದಿನ ಹಾಳಿ ಹರದಂಗ ಕಾಣತೈತ್ರಿ."

"ಇಲ್ಲಜ್ಜಾರ, ಹರದಿಲ್ಲ. ಕಥಿ ಅಲ್ಲಿಗೇ ಮುಗದೈತಿ."

"ಎಲ್ಲಿ ಮುಗದೈತ್ರಿ? ಆಕಿ ಇನ್ನಾ ಮ್ಯಾಲೇ ಅದಾಳ."

ಆ ಮಾತು ಕೇಳಿ ನಾನು ಹಿಂದಿನ ಬಾಗಲಾಗಿಂದ ಮಾಳಿಗಿ ಕಡಿ ನೋಡಿದೆ. ಮ್ಯಾಲೆ ಆಪಾನ ರೇಡಿಯೋ ಸಣ್ಣಗ ಕೇಳತಿತ್ತು. ಅಳು ಬರೋ ಹೊತ್ತಿನ್ಯಾಗ ನನಗ ಬರೋದು ಸಿಟ್ಟು. "ಹಂಗಾರ ಇಳಿದು ಬಂದ್ಲು ಅಂತ ನೀವಾ ಒಂದು ಸಾಲು ಸೇರಿಸಿ ಓದಿಬಿಡ್ರಿ" ಅಂದು ಫೋನ್ ಇಟ್ಟೆ.

ಮರುದಿನ ಮತ್ತ ಬಂತು. "ಓದಿದ್ನಿ ತಾಯಿ. ಹೆಂಗಸ್ರು ಒಪ್ಪವಲ್ರು. ಯಾಕ ಇಳದ್ಲು ಅಂತ ಕೇಳ್ತಾರ."

"ಗಾಳಿ ನಿಂತಿತ್ತು, ಇಳದ್ಲು ಅನ್ರಿ."

"ಅಂದ್ನಿ. ಗಾಳಿ ನಿಂತಾಗ ಇಳಿದಾಕಿ ಗಾಳಿ ಬಿಟ್ಟಾಗ ಮತ್ತ ಏಳತಾಳ, ಅದೇನು ಇಳಿಯೋದಾತು ಅಂತಾರ."

"ದೇವ್ರು ಇಳಿಸಿದ ಅನ್ರಿ ಅಜ್ಜಾರ!"

"ಅದನ್ನೂ ಅಂದ್ನಿ. ದೇವ್ರನ್ನ ಯಾಕ ನಡುವ ತರ್ತೀರಿ, ಮನ್ಯೋರೇನು ಮಾಡಾಕತ್ತಿದ್ರು ಅಂತ ನನಗಾ ಜಬರಸ್ತಾರ್ರಿ."

ಹಿಂದಿಂದ ಹೆಂಗಸರ ದನಿ ಕೇಳಸ್ತಿದ್ವು. ಮೊಮ್ಮಗಳು ಫೋನ್ ಇಸಗೊಂಡು ನನಗ ಎಲ್ಲಾ ಬಿಡಿಸಿ ಹೇಳಿದ್ಲು. ಅಜ್ಜಾರು "ಯಾವಾಗ ಹೋಗ್ತಿ" ಅನ್ನೋ ಸಾಲು ಓದಿದ ಕೂಡ್ಲೇ ಹೆಂಗಸರ ಕಡಿ ಎಲಿ ಅಡಿಕಿ ಜಗಿಯೋದೂ ನಿಂತಿತಂತ. ಆಮ್ಯಾಲೆ ಕುರಿಮನಿ ಸೊಸಿ ಒಬ್ಬಾಕಿ "ನನಗೂ ಹಿಂಗಾ ಕೇಳಿದ್ರು" ಅಂದ್ಲಂತ. ಇನ್ನೊಬ್ಬಾಕಿ "ನಮ್ಮ ತಂಗಿಗೆ ನಾನಾ ಕೇಳೀನಿ" ಅಂತ ಸೆರಗು ಬಾಯಿಗೆ ಹಚ್ಚಿಕೊಂಡ್ಲಂತ. ಈಗ ಪುಸ್ತಕ ಮಣಿ ಮ್ಯಾಲೆ ತೆರದಾ ಐತಿ, ದೀಪ ಆರಿಸಿಲ್ಲ, ಹೆಂಗಸ್ರು ಪಾಳಿ ಮ್ಯಾಲೆ ಬಂದು ಎಣ್ಣಿ ಹಾಕಿ ಹೋಗ್ತಾರ. ಅರ್ಥ ಹೇಳೋರಿಗೂ ಜ್ವರ ಬಿಟ್ಟು, ಪುರಾಣ ಹಿಡಕೊಂಡು ಬಂದು ಕುಂತಾರ. ಇದು ಮುಚ್ಚದಾ ಅದನ್ನ ತೆರಿಯಂಗಿಲ್ಲ. "ಅವರು ಬಾಳ ಸಿಟ್ಟಾಗ್ಯಾರ ಅಕ್ಕಾರ. ಯಾವಾಕಿ ಈಕಿ, ಹುಡುಗಿನ್ನ ಮ್ಯಾಲೆ ಬಿಟ್ಟು ತಾ ಕೆಳಗ ಆರಾಮ ಕುಂತಾಳ ಅಂತ ಬೈತಾರ" ಅಂದ್ಲು.

ಎಲಾ ಇವರ! ನಾನು ಆರಾಮ ಕುಂತೀನೆ? ಫೋನ್ ಇಟ್ಟಾಕಿನಾ ಅಂಗಳಕ್ಕ ಹೋಗಿ ಅಮ್ಮಿ ಮುಂದ ಕೂಗಾಡಿದೆ. ಅಮ್ಮಿ ಮೊರದಾಗ ಅಕ್ಕಿ ಹಸನ ಮಾಡಾಕತ್ತಿದ್ಲು. "ಕಥಿ ಬರದ್ರ ಬರದವರ ತಲಿ ತಿಂತಾರ, ಇವರಿಗೆ ಬ್ಯಾರೆ ಉದ್ಯೋಗ ಇಲ್ಲೇನು, ದೀಪಕ್ಕ ಎಣ್ಣಿ ಹಾಕ್ಕೊಂತ ಕುಂತಾರಂತ" ಅಂತ ಹೊಸಹಳ್ಳಿ ಪುರಾಣ ಪೂರ್ತಿ ಹೇಳಿದೆ. ಹೇಳಿ ಮುಗಿಸೋದ್ರಾಗ ಮ್ಯಾಲೆ ರೇಡಿಯೋ ನಿಂತಿತ್ತು. ಆಪಾ ಮೆಟ್ಲದ ತುದಿಗೆ ಬಂದು ನಿಂತಿದ್ಲು.

"ಎಣ್ಣಿ ಯಾರು ಹಾಕಾಕತ್ತಾರ?" ಅಂದ್ಲು.

"ಊರಿನ ಹೆಂಗಸ್ರು. ಪಾಳಿ ಮ್ಯಾಲೆ."

"ಆಕಿ ಸಲುವಾಗಿ?"

"ಹೂಂ ಆಪಾ. ಆಕಿ ಸಲುವಾಗಿ."

ಆಪಾ ಒಳಗ ಹೋದ್ಲು. ರೇಡಿಯೋ ಮತ್ತ ಹಚ್ಚಲಿಲ್ಲ. ಅಮ್ಮಿ ನನ್ನ ತೊಡಿ ಚಿವುಟಿ, "ಗಟ್ಟಿಯಾಗಿ ಒದರತೀಯಲ್ಲ, ಎಲ್ಲಾ ಕೇಳ್ತು ನೋಡು ಆಕಿಗೆ" ಅಂತ ಪಿಸುಗುಟ್ಟಿದ್ಲು. ಆವತ್ತು ಆಪಾ ಊಟನೂ ಅರ್ಧಾನ ಮಾಡಿದ್ಲು. ನಾನು ಈ ಪುಸ್ತಕ ಯಾಕರ ಮಾಡಿಸಿದೆನೋ ಅಂತ ಮನಸು ಹಾಳು ಮಾಡ್ಕೊಂಡೆ.

ಪಂಚಮಿ ಹಿಂದಿನ ದಿನ ಹೊಸಹಳ್ಳಿ ಹೆಂಗಸರಾ ಬಂದುಬಿಟ್ರು. ಹತ್ತೂವರಿ ಬಸ್ಸಿಗೆ ಹೊಂಟಾರ ಅಂತ ಮೊಮ್ಮಗಳು ಮೆಸೇಜ್ ಮಾಡಿದ್ಲು. "ನಾ ಬ್ಯಾಡ ಅಂದೆ ಅಕ್ಕಾರ, ಕೇಳವಲ್ರು." ಬರಲಿ, ಒಂದು ಕಪ್ ಚಾ ಕುಡಿಸಿ, ತಿಳಿಸಿ ಹೇಳಿ ಕಳಿಸಿದ್ರಾತು ಅನ್ಕೊಂಡೆ. ಮೂವರು ಬಂದ್ರು. ಓದೋ ಅಜ್ಜಾರ ಹೆಂಡ್ತಿ, ಕುರಿಮನಿ ಸೊಸಿ, ಮೊಮ್ಮಗಳು. ಅಜ್ಜಿ ಕಾಸಗಲ ಕುಂಕುಮ ಹಚ್ಚಿಕೊಂಡು, ಹಬ್ಬಕ್ಕ ಹೊಂಟಂಗ ಸೀರಿ ಉಟ್ಟು ಬಂದಿದ್ಲು. ಕೈಯಾಗಿನ ಚೀಲದಾಗ ಶೇಂಗಾ ಉಂಡಿ, ಕೊಬ್ಬರಿ ಬಟ್ಲು, ಒಂದು ಹಸರು ಕುಬಸದ ಖಣ. ನೋಡಿ ನನಗ ತಿಳೀತು. ಪಂಚಮಿಗೆ ಗಂಡನ ಮನ್ಯಾಗಿನ ಮಗಳನ್ನ ಕರಿಯಾಕ ಹೋಗೋರು ಹಿಡಕೊಂಡು ಹೋಗೋ ಸಾಮಾನು ಅದು. ನಾವು ಪಂಚಮಿ ಮಾಡದಿದ್ರೂ ಹುಟ್ಟಿದಾಗಿಂದ ಓಣ್ಯಾಗ ನೋಡೀವಿ, ಓಣಿಯೋರ ಉಂಡಿ ತಿಂದಾ ಬೆಳದೀವಿ.

"ಯಾರನ್ನ ಕರಿಯಾಕ ಹೊಂಟೀರಿ ಅಜ್ಜಿ?" ಅಂದೆ.

"ಮ್ಯಾಲಿದ್ದಾಕಿನ್ನ" ಅಂದ್ಲು.

ಅಮ್ಮಿ ಕೈಯಾಗಿನ ಚಾ ಕಪ್ಪು ಕೆಳಗಿಟ್ಟು ಮೆಟ್ಲದ ಕಡಿ ನೋಡಿದ್ಲು. "ಯಾರು ಹೇಳಿದ್ರು ನಿಮಗ?" ಅಂತ ನಾನು ಜಗಳಕ್ಕ ಹೋದಂಗಾ ಕೇಳಿದೆ. ಅಜ್ಜಿ ನನ್ನ ಮುಖ ನೋಡಿ, "ಯಾರು ಹೇಳ್ತಾರವ್ವ, ನೀನಾ ಬರದಿಯಲ್ಲ ಪುಸ್ತಕದಾಗ" ಅಂದ್ಲು. ಅವಾಗ ನನಗ ಉಸಿರು ಬಂತು. ಇವರಿಗೆ ನಮ್ಮ ಆಪಾ ಗೊತ್ತಿಲ್ಲ. ಇವರು ಬಸ್ ಹತ್ತಿ, ಖಣ ಉಂಡಿ ಕಟಗೊಂಡು ಕರಿಯಾಕ ಬಂದಿದ್ದು ಕಥಿಯಾಗಿನ ಹುಡುಗಿನ್ನ! ಮೊಮ್ಮಗಳು ನಾಚಿಕಿಗೆ ಗ್ವಾಡಿ ನೋಡಾಕತ್ತಿದ್ಲು. ಇದನ್ನ ಕಥ್ಯಾಗ ಬರದಿದ್ರ ಆ ಪತ್ರಿಕಿಯೋರು ಮತ್ತೊಂದು ಹೆಸರು ಇಡ್ತಿದ್ರು.

"ನಾವೆಲ್ಲಾ ಕುಂತು ವಿಚಾರ ಮಾಡಿದ್ವಿ" ಅಂತ ಅಜ್ಜಿ ಹೇಳಾಕ ಹತ್ತಿದ್ಲು. "ನಿನ್ನ ಕಥಿ ಚೊಲೋ ಐತಿ, ಒಂದಾ ಕೊರತಿ. ಆಕಿ ಮ್ಯಾಲೆ ಹೋದ ಮ್ಯಾಲೆ ಎಲ್ಲಾರೂ ನಿಂತು ನೋಡ್ಯಾರ. ಅವರವ್ವ ರೊಟ್ಟಿ ಕಳಿಸ್ಯಾಳ. ಒಬ್ಬರಾರ ಬಾ ಅಂದಾರೇನು? ಕರೀದ ಹೆಣ್ಣುಮಗಳು ಹೆಂಗ ಬರತಾಳವ್ವ? ಆಕಿಗೇನು ಮಾನ ಇಲ್ಲೇನು? ಮನ್ಯೋರು ಕರೀಲಿಲ್ಲ, ಹೋಗಲಿ, ಕೇಳಿದೋರು ನಾವಾದ್ರೂ ಕರಿಯಬೇಕಲ್ಲ. ನಾವು ಕರೀತೀವಿ, ಆಕಿ ಬಂದ್ಲು ಅಂತ ನೀ ಬರಿ. ಅಷ್ಟಾ."

ನಾನು ಏನರ ಅನ್ನೋದ್ರಾಗ ಅಮ್ಮಿ ನಡುವ ಬಾಯಿ ಹಾಕಿದ್ಲು. ಇದು ಕಥಿ ಅನ್ನೋದು ಆಕಿಗೆ ಮರತಾ ಹೋಗಿತ್ತು. "ಹೆಂಗ ಕರಿಯೋದು ಅಕ್ಕಾ? ಇಳಿ ಅಂದ್ರ, ಹೋಗು ಅಂತಾರ ಅಂತ ಆಕಿ ಮನಸಿಗೆ ಹತ್ತತೈತಿ. ಅದಕ್ಕಾ ನಾನು ಯಾರಿಗೂ ಅನ್ನಗೊಡಲಿಲ್ಲ" ಅಂತ ಅಳಾಕಾ ಹತ್ತಿದ್ಲು.

ಅಜ್ಜಿ ಅಮ್ಮಿ ಕೈ ಹಿಡಕೊಂಡ್ಲು. ಯಾಕ ಅಳ್ತಿ ಅಂತಾನೂ ಕೇಳಲಿಲ್ಲ. "ಇಳಿ ಅಂತ ಯಾರು ಅಂತಾರ ತಂಗಿ? ಇರಾಕ ಬಾ ಅನ್ನಬೇಕು" ಅಂದ್ಲು. ಆಮ್ಯಾಲೆ ಎದ್ದು ಅಂಗಳದ ನಡುವ ನಿಂತು, ತಲಿ ಮ್ಯಾಲೆ ಸೆರಗು ಹೊತಗೊಂಡು, "ಯಾವ ದಿಕ್ಕಿಗೆ ಅದಾಳವ್ವ?" ಅಂತ ನನ್ನ ಕೇಳಿದ್ಲು. ನಾನು ವಿಚಾರ ಮಾಡಲಿಲ್ಲ. ಕೈ ತಾನಾ ಮ್ಯಾಲಕ್ಕ ಹೋತು, ಮಾಳಿಗಿ ಕಡಿ.

ಅಜ್ಜಿ ಮುಖ ಎತ್ತಿ ಕರದ್ಲು. ಹೊಲದಾಗ ಆ ಬದುವಿನೋರನ್ನ ಈ ಬದುವಿನಿಂದ ಕೂಗೋ ದನಿ ಅದು. "ಏ ತಂಗೀ, ಪಂಚಮಿ ಬಂತು, ಬಾರವ್ವಾ! ನಿನ್ನ ಕರಿಯಾಕ ಬಂದೀವಿ. ಯಾವಾಗ ಹೋಗ್ತಿ ಅಂತ ಯಾರೂ ಕೇಳಂಗಿಲ್ಲ. ಇರಾಕ ಬಾ!" ಕುರಿಮನಿ ಸೊಸಿನೂ ದನಿಗೂಡಿಸಿದ್ಲು. "ಬಾರ ಯಕ್ಕಾ, ನಾನೂ ಮ್ಯಾಲೆ ಹೋಗಾಕಿನಾ ಇದ್ದೆ, ಬಾ!" ಅಂದ್ಲು, ಅಂದು ತಾನಾ ಅತ್ತಬಿಟ್ಲು. ಓಣಿಯೋರು ಬಾಗಲಿಗೆ ಬಂದು ಇಣುಕಿದ್ರು. ಜೆರಾಕ್ಸಿಗೆ ಬಂದಿದ್ದ ಇಬ್ಬರು ಆಧಾರ್ ಕಾರ್ಡ್ ಹಿಡಕೊಂಡು ಒಳಗಾ ಬಂದು ನಿಂತಿದ್ರು. ನನಗ ನಾಚಿಕಿನೂ ಇಲ್ಲ, ಸಿಟ್ಟೂ ಇಲ್ಲ. ಕಣ್ಣೀರು ಸುರೀತಿತ್ತು, ಒರಸ್ಕೋಬೇಕು ಅಂತಾನೂ ಅನಸಲಿಲ್ಲ.

ಮ್ಯಾಲೆ ಖೋಲಿ ಬಾಗಲು ಸಪ್ಪಳಾತು.

ಆಪಾ ಮೆಟ್ಲದ ತುದಿಗೆ ಬಂದ್ಲು. ಕುಚ್ಚಿನ ದಾರದ ಚೂರು ಸೀರಿ ತುಂಬ ಅಂಟಿದ್ವು. ಕೆಳಗ ನೋಡಿದ್ಲು. ಅಜ್ಜಿ ಮತ್ತೊಮ್ಮೆ, ಈ ಸಲ ಸಣ್ಣ ದನ್ಯಾಗ, "ಬಾರವ್ವ" ಅಂದ್ಲು. ಆಪಾ ಗ್ವಾಡಿ ಹಿಡಕೊಂಡು ಒಂದು ಮೆಟ್ಲ ಇಳದ್ಲು. ನಿಂತ್ಲು. ಮತ್ತೊಂದು ಇಳದ್ಲು. ನಾನು ಹೋಗಿ ಹಿಡಕೋಬೇಕು ಅನ್ನೋದ್ರಾಗ ಅಮ್ಮಿ ನನ್ನ ಸೆರಗು ಜಗ್ಗಿ ನಿಲ್ಲಿಸಿದ್ಲು. ಆಪಾ ತಾನಾ ಇಳದು ಬಂದ್ಲು, ಅಂಗಳಕ್ಕ ಕಾಲಿಟ್ಲು. ಬರಿಗಾಲಿಗೆ ನೆಲ ಸುಟ್ಟಿತೇನೋ, ಸೀರಿ ಸ್ವಲ್ಪ ಎತ್ತಿ ಹಿಡಕೊಂಡ್ಲು.

ಮೊಮ್ಮಗಳು ಬಾಯಿ ತಗದಾಕಿ ಮುಚ್ಚಲಿಲ್ಲ. ಅಜ್ಜಿಗೆ ಮಾತ್ರ ಏನೂ ಆಶ್ಚರ್ಯ ಆಗಲಿಲ್ಲ ನೋಡ್ರಿ. ಕರದ್ವಿ, ಬಂದ್ಲು, ಅದರಾಗೇನೈತಿ ಅನ್ನಂಗ ಚೀಲ ಬಿಚ್ಚಿ, ಆಪಾನ ಉಡಿಯಾಗ ಖಣ, ಕೊಬ್ಬರಿ ಹಾಕಿ, ಗದ್ದ ಹಿಡಿದು, "ಬಾಳ ಸೊರಗೀಯವ್ವ, ಮ್ಯಾಲೆ ಏನು ಉಣ್ತಿದ್ದಿ?" ಅಂದ್ಲು. ಬಾಯಿಗೆ ಒಂದು ಉಂಡಿ ಇಟ್ಲು. ಆಪಾ ತಿಂದ್ಲು. ತಿನ್ನತಾ ತಿನ್ನತಾ ಅತ್ತು, ಅಳತಾ ಅಳತಾ ನಕ್ಕು, ಅಮ್ಮಿ ಕೊರಳಿಗೆ ಬಿದ್ಲು.

ಅಷ್ಟೊತ್ತಿಗೆ ಮೊಮ್ಮಗಳ ಫೋನ್ ರಿಂಗಾತು. ಓದೋ ಅಜ್ಜಾರು. ಊರಿಗೂರೇ ಗುಡ್ಯಾಗ ಬಂದು ಕುಂತೈತಿ, ಅರ್ಥ ಹೇಳೋರೂ ಕುಂತಾರ, ಏನಾತು ಹೇಳ್ರಿ ಅಂತ. ಹುಡುಗಿ ಸ್ಪೀಕರ್ ಹಾಕಿ ಫೋನ್ ನನ್ನ ಮುಂದ ಹಿಡದ್ಲು.

"ಅವ್ವಾರ, ಸಿಕ್ತೇನ್ರಿ ಕಾರಣ? ಏನಂತ ಓದ್ಲಿ?"

ನಾನು ಬಾಯಿ ತಗಿಯೋದ್ರಾಗ ಆಪಾ ಕಣ್ಣೊರಸ್ಕೊಂಡು, ನನ್ನ ಪಕ್ಕಕ್ಕ ಸರಿಸಿ, ಫೋನ್ ಇಸಗೊಂಡ್ಲು.

"ಅಜ್ಜಾರ, ಹಿಂಗ ಓದ್ರಿ" ಅಂದ್ಲು. "ಕರದ್ರು, ಅದಕ್ಕ ಬಂದೀನಿ."

ಆ ಕಡಿ ಅಜ್ಜಾರು ಗುಡಿ ಮಂದಿಗೆಲ್ಲಾ ಕೇಳೋ ಹಂಗ ಅದನ್ನ ಗಟ್ಟಿಯಾಗಿ ಓದಿದ್ರು, ಪುಸ್ತಕದಾಗ ಇದ್ದಂಗಾ, ರಾಗ ಎಳದು. ಹೆಂಗಸರು ಮಂಗಳಾರತಿ ಎತ್ತಿದ್ರು. ಅದು ಮುಗಿಯೋ ತನಕ ಆಪಾ ಫೋನ್ ಹಿಡಕೊಂಡು ಅಂಗಳದಾಗಾ ನಿಂತಿದ್ಲು.